ತೌಡಿನ ಅಫಿಡವಿಟ್ಟು

ಇಲ್ಲ, ಸಹಿ ಹಾಕುವ ಮೊದಲೇ ಕೇಳಿದ್ದಿರಬೇಕು. ಪೆನ್ನು ಅವರ ಕೈಯಲ್ಲಿತ್ತು, ಅಷ್ಟು ನೆನಪಿದೆ. ಮುಚ್ಚಳ ತೆಗೆದಿತ್ತೋ ಆಗಲೇ ಹಾಕಿಯಾಗಿತ್ತೋ ನೆನಪಿಲ್ಲ. "ಇದು ಸುಳ್ಳಾದ್ರೆ ಏನಾಗುತ್ತೆ?" ಎಂದು ಎದುರುಮನೆ ಅಮ್ಮ ವಕೀಲರ ಆಫೀಸಿನ ಟೈಪಿಸ್ಟನ್ನು ಕೇಳಿದರು. ಸಹಿಗೆ ಮೊದಲು ಕೇಳಿದ್ದರೆ ಅದು ಸ್ಟಾಂಪ್ ಪೇಪರಿನ ಮುಂದೆ ಕೂತ ಯಾವ ಮುದುಕಿಯಾದರೂ ಕೇಳುವ ಮಾತು. ಸಹಿ ಆದಮೇಲೆ ಕೇಳಿದ್ದರೆ ಅದು ಬೇರೆಯೇ ಮಾತು. ಇದು ನಡೆದು ಇನ್ನೂ ಆರು ತಿಂಗಳೂ ಆಗಿಲ್ಲ. ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಆದರೂ ಎರಡು ದೃಶ್ಯಗಳೂ ನನ್ನ ತಲೆಯಲ್ಲಿ ಒಂದೇ ಬೆಳಕಿನಲ್ಲಿ, ಒಂದೇ ಫ್ಯಾನಿನ ಸದ್ದಿನಲ್ಲಿ ಇವೆ. ಅದರಲ್ಲಿ ಒಂದು ನಡೆದದ್ದು, ಇನ್ನೊಂದು ಆಮೇಲೆ ನಾನು ಕಟ್ಟಿಕೊಂಡದ್ದು. ಯಾವುದು ಯಾವುದೆಂದು ಹೇಳಲಾರೆ.

ಎದುರುಮನೆ ಅಮ್ಮ ಎಂದರೆ ಶ್ರೀರಾಂಪುರದ ನಮ್ಮ ವಠಾರದಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲಲ್ಲಿದ್ದವರು. ಒಂದೇ ಅಂಗಳದ ಸುತ್ತ ಎಂಟು ಮನೆ, ಒಂದು ನಲ್ಲಿ. ಅವರನ್ನು ನಾನು ಅಮ್ಮ ಎನ್ನುತ್ತಿದ್ದೆ, ನನ್ನ ತಾಯಿಯನ್ನು ಅವ್ವ ಎನ್ನುತ್ತಿದ್ದೆ. ಅದರಲ್ಲಿ ವಿಶೇಷವೇನೂ ಇದೆ ಎಂದು ನಲವತ್ತೊಂದು ವರ್ಷ ನನಗೆ ಅನ್ನಿಸಿರಲಿಲ್ಲ. ವಠಾರದ ಮಕ್ಕಳೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಕರೆಯುತ್ತಿದ್ದರು ಎಂದುಕೊಂಡಿದ್ದೇನೆ. ನನ್ನ ತಮ್ಮ, ತಾನು ಅವರನ್ನು ಯಾವತ್ತೂ ಆಂಟಿ ಎಂದೇ ಕರೆದದ್ದು ಎನ್ನುತ್ತಾನೆ.

ನಾನು ಮಲ್ಲೇಶ್ವರದ ಒಂದು ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ರಕ್ತ ಪರೀಕ್ಷೆ ಮಾಡಿದವಳು. ಕಳೆದ ವರ್ಷ ಐರ್ಲೆಂಡಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಒಬ್ಬಳೇ ಹೋಗುವವಳು, ಹೆಚ್ಚು ಸಾಮಾನಿಲ್ಲ. ಇದ್ದದ್ದು ಕಾಗದ. ಸಂಪಿಗೆ ರಸ್ತೆಯಲ್ಲಿ ಒಂದು ನೀಲಿ ಫೈಲು ಕೊಂಡು, ಏಜೆನ್ಸಿಯವರು ಕಳಿಸಿದ್ದ ಪಟ್ಟಿಯ ಪ್ರಕಾರ ಒಂದೊಂದನ್ನೇ ಅದರೊಳಗೆ ಇಳಿಸುತ್ತಾ ಬಂದೆ: ಅಂಕಪಟ್ಟಿ, ಅನುಭವ ಪತ್ರ, ಪೊಲೀಸರು ಕೊಡುವ ನಡತೆಯ ಪತ್ರ. ಪಾಸ್‌ಪೋರ್ಟು ಹಿಂದೆಯೇ ಶಾಲೆಯ ಸರ್ಟಿಫಿಕೇಟಿನ ಮೇಲೆ ಆಗಿತ್ತು. ಉಳಿದದ್ದು ಜನನ ಪ್ರಮಾಣಪತ್ರ ಒಂದೇ. ಅದರಲ್ಲಿ ತಂದೆ ತಾಯಿಯ ಹೆಸರು ಇರಲೇಬೇಕು, ಪಾಸ್‌ಪೋರ್ಟಿಗೆ ಹೊಂದಲೇಬೇಕು ಎಂದು ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಆಸ್ಪತ್ರೆಯವರು ನನ್ನ ಜಾಗವನ್ನು ಎಂಟು ತಿಂಗಳು ಹಿಡಿದಿಡುತ್ತೇವೆ ಎಂದಿದ್ದರು.

ಅವ್ವ ಹೇಳಿದ್ದು, "ಬರ್ಸಿಲ್ಲ ಕಣೆ. ಮನೇಲಿ ಹುಟ್ಟಿದ್ದು ನೀನು. ಆವಾಗ ಯಾರು ಬರ್ಸೋರು?"

ಬರೆಸಿಲ್ಲದಿದ್ದರೆ 'ನೋಂದಣಿ ಇಲ್ಲ' ಎಂದೇ ಒಂದು ಕಾಗದ ಕೊಡುತ್ತಾರೆ, ಅದರ ಮೇಲೆ ಮುಂದಿನದ್ದು. ಆ ಇಲ್ಲದ ಕಾಗದ ತರಲೆಂದು ಕಚೇರಿಗೆ ಹೋದೆ. ಗುಮಾಸ್ತರು ಒಳ್ಳೆಯವರು, ಬೇಸರಿಸದೆ ಹುಡುಕಿದರು. ಅಪ್ಪನ ಹೆಸರಲ್ಲಿ ಹುಡುಕಿದರು, ಅವ್ವನ ಹೆಸರಲ್ಲಿ ಹುಡುಕಿದರು. ಆಮೇಲೆ ಹಳೆಯ ಪುಸ್ತಕವನ್ನೇ ತರಿಸಿ ತಾರೀಖಿನ ಮೇಲೆ ಬೆರಳಿಟ್ಟರು.

"ಇಲ್ಲಿ ಒಂದಿದೆ ನೋಡಿ. ಹೆಣ್ಣು ಮಗು, ಮನೇಲೇ ಹೆರಿಗೆ. ಇದು ನಿಮ್ಮ ವಠಾರದ ನಂಬರಲ್ವಾ?"

ತಾರೀಖು ನನ್ನದು. ವಠಾರದ ನಂಬರು ನಮ್ಮದು. ಮಗುವಿನ ಹೆಸರಿನ ಜಾಗ ಖಾಲಿ. ಆಗ ಹೆಸರಿಡುವ ಮೊದಲೇ ಬರೆಸುತ್ತಿದ್ದರಂತೆ. ತಂದೆ, ತಾಯಿ ಎನ್ನುವ ಜಾಗದಲ್ಲಿ ಎದುರುಮನೆಯ ಗಂಡ ಹೆಂಡತಿಯ ಹೆಸರು.

"ಇವರು ನಮ್ಮ ಎದುರುಮನೆಯವರು ಸರ್."

"ಓ. ಅವತ್ತೇ ಅವರಿಗೂ ಮಗು ಆಯ್ತಾ?"

"ಅವರಿಗೆ ಮಕ್ಕಳೇ ಇಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ ಮೇಡಂ, ನೀವು ಇದೀರ, ಆದ್ರೆ ಪುಸ್ತಕದಲ್ಲಿಲ್ಲ. ಅವರ ಮಗು ಪುಸ್ತಕದಲ್ಲಿದೆ, ಆದ್ರೆ ಎಲ್ಲೂ ಇಲ್ಲ. ಮನೇಲಿ ಹೋಗಿ ಒಂದ್ಸಲ ಕೇಳ್ಬಿಡಿ." ಹೇಳಿ ಪುಸ್ತಕ ಮುಚ್ಚಿದರು. ಅವರ ಮುಖದಲ್ಲಿದ್ದದ್ದು ಕನಿಕರವೋ ಕುತೂಹಲವೋ, ಅಥವಾ ಊಟದ ಹೊತ್ತಾಗಿತ್ತೋ.

ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹೇಳಿದೆ.

"ಕಂಪ್ಯೂಟರ್ ತಪ್ಪಿರುತ್ತೆ ಬಿಡು."

"ಕಂಪ್ಯೂಟರ್ ಅಲ್ಲವ್ವ. ಕೈಬರಹ."

"ಹಂಗಾದ್ರೆ ಕೈ ತಪ್ಪು."

"ಯಾರ ಕೈ?"

ಅವ್ವ ಒಂದು ಕಾಯಿಯನ್ನು ಎರಡು ಸಲ ಸುಲಿದಳು. ಸುಲಿದು ಖಾಲಿಯಾದ ಸಿಪ್ಪೆಯನ್ನು ಮತ್ತೆ ಎತ್ತಿಕೊಂಡು ಬಿಡಿಸಿ ನೋಡಿದಳು. ಇದನ್ನು ನಾನು ಕಂಡೆ ಎಂದು ಖಂಡಿತವಾಗಿ ಹೇಳಬಲ್ಲೆ, ಏಕೆಂದರೆ ಆ ಕ್ಷಣದಿಂದಲೇ ನನಗೆ ಅವಳ ಮೇಲೆ ಅನುಮಾನ ಶುರುವಾಯಿತು.

ಮರುದಿನ ಬೆಳಿಗ್ಗೆ ತಾನಾಗಿಯೇ ಹೇಳಿದಳು. ನನಗಿಂತ ಮೊದಲು ಅವಳಿಗೆ ಎರಡು ಮಕ್ಕಳು ಹುಟ್ಟಿ ಹೋಗಿದ್ದವು. ಒಂದು ಮೂರು ತಿಂಗಳಿಗೆ, ಒಂದು ಹನ್ನೊಂದು ದಿನಕ್ಕೆ. ಅಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಇದು: ಮಕ್ಕಳು ನಿಲ್ಲದ ಮನೆಯಲ್ಲಿ ಮುಂದಿನ ಮಗುವನ್ನು ಹೆತ್ತವಳು ಮೊರದಲ್ಲಿ ಮಲಗಿಸಿ ಬೇರೊಬ್ಬಳಿಗೆ ತೌಡಿಗೆ ಮಾರುತ್ತಿದ್ದಳು. ಕೊಳ್ಳುವವಳು ತೌಡು ಅಳೆದು ಕೊಟ್ಟು ಮಗುವನ್ನು ಎತ್ತಿಕೊಳ್ಳಬೇಕು. ಅಲ್ಲಿಂದಾಚೆ ಮಗು ಅವಳದ್ದು. ಬೆಳೆಯುವುದು ಯಾರ ಮನೆಯಲ್ಲಾದರೂ ಸರಿ. ಸಾವು ಬಂದು ಹುಡುಕಿದರೆ ಹೆತ್ತವಳ ಲೆಕ್ಕದಲ್ಲಿ ಮಗು ಇರುವುದಿಲ್ಲ. ವಾಪಸು ಬೇಕಾದರೆ ಹೆತ್ತವಳು ಅಷ್ಟೇ ತೌಡು ಹಿಂದಿರುಗಿಸಿ ಬಿಡಿಸಿಕೊಳ್ಳಬೇಕು.

"ಅವರಿಗೆ ಮಾರಿದ್ದೆ ನಿನ್ನ," ಎಂದಳು ಅವ್ವ. "ಮೂರು ಸೇರು ತೌಡಿಗೆ."

ಒಳಗಿಂದ ತಮ್ಮ ಕೂಗಿದ, "ಅಕ್ಕ, ನೀನು ಸೆಕೆಂಡ್ ಹ್ಯಾಂಡಾ? ನಾನೊಬ್ನೇ ಈ ಮನೇಲಿ ಶೋರೂಂ ಪೀಸು ನೋಡು!" ಅವನು ಹುಟ್ಟಿದ್ದು ಆಸ್ಪತ್ರೆಯಲ್ಲಿ, ಮಾರಾಟವಾಗದೆ.

"ಮಾರಿದ್ದು ಸರಿ. ಬರೆಸಿದ್ಯಾಕೆ ಅವರ ಹೆಸರಲ್ಲಿ?"

"ಅವರ ಯಜಮಾನ್ರು ಬರ್ಸಿದ್ದು. ವಠಾರದ ಅರ್ಜಿಯೆಲ್ಲ ಅವರೇ ಬರೀತಿದ್ದಿದ್ದು, ನಿನಗೂ ಗೊತ್ತಲ್ಲ. ದೇವರ ಮುಂದೆ ಒಂದು, ಸರ್ಕಾರದ ಮುಂದೆ ಒಂದು ಆದ್ರೆ ನಡೆಯಲ್ಲ, ಎರಡು ಕಡೆನೂ ನಮ್ಮ ಮಗು ಅಂತಾನೇ ಇರ್ಲಿ ಅಂದ್ರಂತೆ. ನನಗೆ ಆಮೇಲೆ ಗೊತ್ತಾಗಿದ್ದು."

"ಅಪ್ಪನಿಗೆ?"

ಅವ್ವ ಗೋಡೆಯ ಕಡೆ ನೋಡಿದಳು. ಅಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಅಪ್ಪನ ಪಟ. ಗಿರಣಿಯ ಸಂಘದಲ್ಲಿದ್ದವರು, ಆಮೇಲೆ ಬುದ್ಧನ ದಾರಿಗೆ ಬಂದವರು, ಇಂಥವನ್ನೆಲ್ಲ ಮನೆಯಿಂದ ಗುಡಿಸಿ ಹಾಕಿದವರು. ಅವರಿಗೆ ಹೇಳಿರಲಿಲ್ಲವಂತೆ. ಅವರು ಸತ್ತ ಮೇಲೂ ಬಾಯಿ ಬಿಡದಿದ್ದದ್ದು ಅಭ್ಯಾಸವಾಗಿಹೋಗಿತ್ತಂತೆ.

ಇದು ಎಲ್ಲವನ್ನೂ ವಿವರಿಸುತ್ತದೆ. ಅದೇ ನನ್ನ ತಕರಾರು. ಮೊದಲ ದಿನ ಅವ್ವ, ಹನ್ನೊಂದನೆಯ ದಿನ ಬಾಗಿಲಲ್ಲಿ ಮೊರವಿಟ್ಟು ಮಾರಿದೆ ಎಂದಳು. ನಾಲ್ಕು ದಿನದ ಮೇಲೆ ಅದನ್ನೇ ಮತ್ತೆ ಕೇಳಿದಾಗ, ಹುಟ್ಟಿದ ದಿನವೇ ಬಚ್ಚಲಿನ ಹಿಂದಿನ ಗೋಡೆಯ ಮೇಲಿಂದ ಕೈ ದಾಟಿಸಿದೆ ಎಂದಳು. "ಹನ್ನೊಂದನೇ ದಿನ ಅಂದಿದ್ದೆ," ಎಂದರೆ, "ಅಂದಿರ್ಬೋದು. ನಲವತ್ತು ವರ್ಷ ಆಯ್ತು, ನಿನ್ನ ಲ್ಯಾಬ್ ರಿಪೋರ್ಟಾ ನಾನು?" ಎಂದು ರೇಗಿದಳು.

ಲ್ಯಾಬಿನ ಮಾತು ಅವಳೇ ಎತ್ತಿದ್ದರಿಂದ ಹೇಳುತ್ತೇನೆ. ನಮ್ಮ ಕೆಲಸದಲ್ಲಿ ರಕ್ತ ಕೆಟ್ಟರೆ ಗೊತ್ತಾಗುತ್ತದೆ; ಹೆಪ್ಪುಗಟ್ಟುತ್ತದೆ, ಬಣ್ಣ ತಿರುಗುತ್ತದೆ. ಗೊತ್ತಾಗದೆ ಇರುವುದು ಕೊಳವೆಯ ಮೇಲೆ ಬೇರೆಯವರ ಚೀಟಿ ಅಂಟಿದರೆ. ಹಾಗೆಂದು ಅನುಮಾನ ಬಂದರೆ ಚೀಟಿಯನ್ನು ತಿದ್ದುವಂತಿಲ್ಲ, ಎಷ್ಟೇ ಹಿರಿಯರು ಬಂದು ಇದು ಇಂಥವರದ್ದೇ ಎಂದು ಆಣೆ ಮಾಡಿದರೂ. ಆ ಕೊಳವೆಯನ್ನು ಎಸೆದು ಹೊಸದಾಗಿ ರಕ್ತ ತೆಗೆಯಬೇಕು. ಇದನ್ನು ನಾನು ಹೊಸಬರಿಗೆ ಕಲಿಸಿದವಳು. ಈಗ ನನ್ನ ಚೀಟಿಯನ್ನು ಆಣೆಯ ಮೇಲೆ ತಿದ್ದಿಸಲು ಹೊರಟಿದ್ದೆ.

ನಮ್ಮ ಮೂವರ ರಕ್ತವೂ ಓ ಪಾಸಿಟಿವ್. ಅವ್ವನದ್ದು ಹರ್ನಿಯಾ ಆಪರೇಷನ್ನಿಗೆ ಮೊದಲು ನಾನೇ ನೋಡಿದ್ದೆ, ಎದುರುಮನೆ ಅಮ್ಮನದ್ದು ಅವರಿಗೆ ಕಾಮಾಲೆಯಾದಾಗ. ಹಳೆಯ ರಿಪೋರ್ಟುಗಳನ್ನು ಒಂದು ಮಧ್ಯಾಹ್ನ ತೆಗೆದು ಪಕ್ಕಪಕ್ಕ ಇಟ್ಟು ನೋಡಿದೆ. ಅದರಿಂದ ಏನೂ ತಿಳಿಯುವುದಿಲ್ಲ ಎಂದು ತೆಗೆಯುವ ಮೊದಲೇ ನನಗೆ ಗೊತ್ತಿತ್ತು.

ವಕೀಲರು ಪುಸ್ತಕದ ಆ ಪುಟದ ಪೂರ್ತಿ ನಕಲು ತರಿಸಿದರು. ಅದರಲ್ಲಿ ಇನ್ನೊಂದು ಕಲಮು ಇತ್ತು: ಈ ತಾಯಿಗೆ ಇದು ಎಷ್ಟನೆಯ ಹೆರಿಗೆ. ಅಲ್ಲಿ 'ಮೂರು' ಎಂದು ಬರೆದಿತ್ತು.

ಅದನ್ನು ಓದಿ ನನಗೆ ಅಳು ಬಂತು, ಟೈಪಿಸ್ಟಿನ ಮುಂದೆಯೇ. ಮೂರು ಅವ್ವನ ಸಂಖ್ಯೆ. ಎದುರುಮನೆಯ ಯಜಮಾನರು ಹೆಸರು ಮಾತ್ರ ತಮ್ಮದು ಬರೆಸಿ, ಉಳಿದದ್ದನ್ನು ನಿಜವಾಗಿಯೇ ಹೇಳಿಬಿಟ್ಟಿದ್ದರು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಮಾಡುವ ತಪ್ಪು ಅದು. ಮನೆಗೆ ಬಂದು ಅವ್ವನಿಗೆ ಹೇಳಿದೆ. "ನಾನು ಹೇಳ್ಲಿಲ್ವಾ," ಎಂದಳು, ಅಷ್ಟೆ. ಆ ಒಂದು ವಾರ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಈಗ ಬೇಕಾದದ್ದು ಎದುರುಮನೆ ಅಮ್ಮನ ಅಫಿಡವಿಟ್ಟು. 'ಈ ಮಗುವನ್ನು ನಾನು ಹೆತ್ತಿಲ್ಲ, ದಾಖಲೆಯಲ್ಲಿ ನನ್ನ ಹೆಸರು ಕಣ್ತಪ್ಪಿನಿಂದ ನಮೂದಾಗಿದೆ' ಎಂದು ಅವರು ಪ್ರಮಾಣ ಮಾಡಬೇಕು. ಅದರ ಮೇಲೆ ನ್ಯಾಯಾಲಯದ ಆದೇಶ, ಆದೇಶದ ಮೇಲೆ ತಿದ್ದುಪಡಿ. ಕಣ್ತಪ್ಪು ಅಲ್ಲ, ಬೇಕೆಂದೇ ಮಾಡಿದ್ದು ಎಂದು ವಕೀಲರಿಗೆ ಹೇಳಿದೆ. "ಗೊತ್ತಾಯ್ತಮ್ಮ. ಯಮನಿಗೆ ಮೋಸ ಮಾಡಕ್ಕೆ ಅಂತ ಪಿಟಿಷನ್ನಲ್ಲಿ ಬರೀಲಾ?" ಎಂದರು ಅವರು.

ಎದುರುಮನೆ ಅಮ್ಮ ಗಂಡ ಸತ್ತ ಮೇಲೆ ಚಾಮರಾಜಪೇಟೆಯಲ್ಲಿ ತಮ್ಮನ ಮನೆಯ ಹಿಂಭಾಗದ ಒಂದು ಕೋಣೆಯಲ್ಲಿದ್ದಾರೆ. ಎರಡು ವರ್ಷದಿಂದ ಹೋಗಿರಲಿಲ್ಲ. ಮೆಟ್ರೋ ಇಳಿದು ಮಾರ್ಕೆಟ್ಟಿನಿಂದ ನಡೆದು ಹೋದೆ. ಮಂಚದ ಮೇಲೆ ಕೂತು ಹೂ ಕಟ್ಟುತ್ತಿದ್ದರು. ನನ್ನ ಮಾತನ್ನೆಲ್ಲ ಪೂರ್ತಿ ಕೇಳಿದರು. ಆಶ್ಚರ್ಯಪಡಲಿಲ್ಲ.

"ಪುಸ್ತಕದಲ್ಲಿ ಇನ್ನೂ ಇದೆಯಾ ಅದು? ನಮ್ಮನೆಯವರ ಅಕ್ಷರ ಹೆಂಗಿದೆ?"

"ಅದು ಗುಮಾಸ್ತರ ಅಕ್ಷರ ಅಮ್ಮ. ಕೆಳಗೆ ಯಜಮಾನ್ರ ಸಹಿ ಇದೆ."

"ಸಹಿ ಚೆನ್ನಾಗಿ ಹಾಕೋರು." ಒಂದು ಗಂಟು ಹಾಕಿ ಮುಗಿಸಿದರು. "ಬರ್ಕೊಡ್ತೀನಿ. ಅದಕ್ಕೇನು. ಆದ್ರೆ ಮೊದ್ಲು ತೌಡು ವಾಪಸ್ ಆಗ್ಬೇಕು. ಹಂಗೇ ಬರ್ಕೊಡಕ್ಕಾಗಲ್ಲ."

"ಮೂರು ಸೇರಲ್ವಾ?"

"ನಿಮ್ಮವ್ವ ಹೇಳಿದ್ಳಾ? ಮೂರೇ."

ನಾನು ಐರ್ಲೆಂಡಿಗೆ ಹೊರಟವಳು, ಸ್ಟಾಂಪ್ ಪೇಪರು, ನೋಟರಿ ಎಲ್ಲ ಗೊತ್ತು ಮಾಡಿಕೊಂಡವಳು, ಈಗ ತೌಡು ಹುಡುಕಬೇಕು. ನಗು ಬಂತು. ಅವರೂ ನಕ್ಕರು. "ಅಲ್ಲಿ ಫ್ಲೈಟಲ್ಲಿ ಯಾರಾದ್ರೂ ಕೇಳಿದ್ರೆ ಹೇಳು, ಸಾಲ ಗೀಲ ಏನಿಲ್ಲ, ತೌಡಿನ ಲೆಕ್ಕಾನೂ ಮುಗ್ದಿದೆ ಅಂತ."

ಮನೆಗೆ ಬಂದು ಅವ್ವನಿಗೆ ತಮಾಷೆಯಾಗಿಯೇ ಹೇಳಿದೆ: ತೌಡು ವಾಪಸು ಆಗಬೇಕಂತೆ. ಅವ್ವ ನಗಲಿಲ್ಲ.

"ಅವಳು ಕೇಳಿದ್ಳಾ, ಕೊಡ್ತೀನಿ ಅಂದ್ಳಾ?"

"ಏನು?"

"ತೌಡು. ನಮ್ಮನ್ನ ಕೇಳಿದ್ಳೋ, ತಾನು ಕೊಡ್ತೀನಿ ಅಂದ್ಳೋ?"

ವಾಪಸ್ ಆಗ್ಬೇಕು ಎಂದಷ್ಟೇ ಅಂದಿದ್ದರು. ಯಾರಿಂದ ಯಾರಿಗೆ ಎಂದು ಅಂದಿರಲಿಲ್ಲ. ಅಂದಿರಬೇಕಾಗಿಯೂ ಇರಲಿಲ್ಲ, ಅವ್ವ ಹೇಳಿದ್ದು ನಿಜವಾದರೆ. ಮಾರಿದವಳು ಅವ್ವ, ತೌಡು ತೆಗೆದುಕೊಂಡವಳು ಅವ್ವ, ಹಿಂದಿರುಗಿಸುವವಳು ಅವ್ವ. ಅದರಲ್ಲಿ ಕೇಳುವುದಕ್ಕೇನಿದೆ? ತೌಡು ತೆಗೆದುಕೊಂಡವಳೇ ಹೆತ್ತವಳು, ಕೊಟ್ಟವಳು ಕೊಂಡವಳು. ಎದುರುಮನೆ ಅಮ್ಮ ತೌಡು ಕೊಡಲು ಬರುವುದಾದರೆ ಆಗ ಮಾರಿದವರು ಅವರು, ಕೊಂಡವಳು ಅವ್ವ ಎಂದಾಗುತ್ತದೆ.

"ಯಾಕವ್ವ ಹಂಗೆ ಕೇಳಿದೆ?"

"ಸುಮ್ನೆ ಕೇಳ್ದೆ." ಆಮೇಲೆ, "ತೌಡು ಗೀಡು ಏನೂ ಬೇಡ. ವಾಪಸ್ ಕೊಟ್ರೆ ನೀನು ಮತ್ತೆ ನನ್ನ ಲೆಕ್ಕಕ್ಕೆ ಬರ್ತೀಯ. ನನ್ನ ಲೆಕ್ಕದಲ್ಲಿ ಮಕ್ಕಳು ನಿಲ್ಲಲ್ಲ," ಎಂದಳು.

"ತಮ್ಮ ನಿಂತಿದಾನಲ್ಲ?"

"ಅವನು ಗಂಡು," ಎಂದಳು, ಅದೊಂದು ಉತ್ತರ ಎನ್ನುವ ಹಾಗೆ. ಹೋದ ಇಬ್ಬರೂ ಹೆಣ್ಣು.

ಅವಳಿಗೆ ನಿಜವಾಗಿ ಹೆದರಿಕೆಯಾಗಿತ್ತು. ಅದನ್ನು ನಾನು ಅನುಮಾನಿಸುವುದಿಲ್ಲ. ಹೆದರಿಕೆ ಯಾವುದರದ್ದು ಎಂಬುದನ್ನು ಅನುಮಾನಿಸುತ್ತೇನೆ. ಆಸ್ಪತ್ರೆಯವರು ಕೊಟ್ಟ ಎಂಟು ತಿಂಗಳಲ್ಲಿ ಮೂರು ಆಗಲೇ ಕಳೆದಿದ್ದವು. ಅವ್ವ ಬೇಡವೆಂದರೂ ಕಾಟನ್‌ಪೇಟೆಗೆ ಹೋಗಿ ಹಿಂಡಿ, ಬೂಸಾ ಮಾರುವ ಹೋಲ್‌ಸೇಲ್ ಅಂಗಡಿಯಲ್ಲಿ ಕೇಳಿದೆ.

"ಎಷ್ಟು ಮೂಟೆ?"

"ಮೂರು ಸೇರು ಸಾಕು."

ಅಂಗಡಿಯವರು ನನ್ನನ್ನು, ನನ್ನ ಲ್ಯಾಪ್‌ಟಾಪ್ ಬ್ಯಾಗನ್ನು ನೋಡಿದರು. "ಹಸು ಅಪಾರ್ಟ್‌ಮೆಂಟಲ್ಲಿದೆಯಾ ಮೇಡಂ?" ಎಂದು ಕೇಳಿ, ಒಂದು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಕೊಟ್ಟರು. ಮನೆಯಲ್ಲಿ ಅಕ್ಕಿ ಅಳೆಯುವ ಹಳೆಯ ಸೇರಿನಲ್ಲಿ ನಾನೇ ಮೂರು ಸಲ ತಲೆತಟ್ಟಿ ಅಳೆದು ಬಟ್ಟೆಯ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಫೈಲಿನ ಪಕ್ಕ ಇಟ್ಟು ಮಲಗಿದೆ.

ಮರುದಿನ ಚಾಮರಾಜಪೇಟೆಗೆ ಹೋಗುವಾಗ ಅದರ ಜೊತೆ ಇನ್ನೂ ಒಂದು ವಸ್ತು ತೆಗೆದುಕೊಂಡಿದ್ದೆ. ಕೆನ್ನೆಯ ಒಳಗಿನ ಮಾದರಿ ತೆಗೆಯುವ ಎರಡು ಹತ್ತಿಯ ಕಡ್ಡಿಗಳು, ಮುಚ್ಚಿದ ಪೊಟ್ಟಣದಲ್ಲಿ. ಒಂದು ಎದುರುಮನೆ ಅಮ್ಮನಿಗೆ, ಒಂದು ನನಗೆ. ನಮ್ಮ ಲ್ಯಾಬಿನವರು ಅಂಥವನ್ನು ಡಿಎನ್ಎ ಪರೀಕ್ಷೆಗೆ ಹೊರಗೆ ಕಳಿಸುತ್ತಾರೆ, ಕೆಲವು ವಾರದಲ್ಲಿ ಫಲಿತಾಂಶ ಬರುತ್ತದೆ.

ಕೋಣೆಯ ಬಾಗಿಲು ತೆರೆದೇ ಇತ್ತು. ಚೀಲವನ್ನು ಮಂಚದ ಪಕ್ಕ ಇಟ್ಟೆ. ಅವರು ಅದನ್ನು ನೋಡಿ, "ಇದೇನು?" ಎಂದರು.

"ತೌಡು."

"ನೀನ್ಯಾಕೆ ತಂದೆ?"

ಈ ಮಾತನ್ನು ಅವರು ಹೇಗೆ ಹೇಳಿದರು ಎಂದು ನನಗೆ ಎಷ್ಟು ಸಲ ನೆನಪಿಸಿಕೊಂಡರೂ ಸಾಲದು. ನೀನ್ಯಾಕೆ ತಂದೆ, ನಿಮ್ಮವ್ವ ಬರಬೇಕಿತ್ತು ಎಂದೋ? ನೀನ್ಯಾಕೆ ತಂದೆ, ಸುಮ್ಮನೆ ಅಂದರೆ ನಿಜ ಅಂದುಕೊಂಡೆಯಾ ಎಂದೋ? ಅಥವಾ ತರಬೇಕಾದದ್ದು ನೀವಲ್ಲ ಎಂದೋ? ಆಗ ನಾನು ನೋಡಿದೆ: ಬಾಗಿಲ ಮೂಲೆಯಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬ, ಮುಚ್ಚಳವಿಲ್ಲದ್ದು. ಅದರಲ್ಲಿ ಅರ್ಧದಷ್ಟು ತೌಡು.

"ಅದು?"

"ಬೀದಿ ಹಸುಗೆ. ಬೆಳಿಗ್ಗೆ ಒಂದು ಬರುತ್ತೆ." ಅವರು ಕಾಲು ಕೆಳಗಿಟ್ಟು ಚಪ್ಪಲಿ ಹುಡುಕಿಕೊಂಡರು. "ಇರ್ಲಿ ಬಿಡು. ಯಾರು ತಂದ್ರೇನು."

ಚಾಮರಾಜಪೇಟೆಯಲ್ಲಿ ಬೀದಿ ಹಸುಗಳಿಗೆ ಕಡಮೆಯಿಲ್ಲ. ಹಿಂದಿನ ಸಲ ಬಂದಾಗ ಆ ಡಬ್ಬ ಅಲ್ಲಿತ್ತೇ? ಮಂಚ ನೆನಪಿದೆ, ಹೂವಿನ ಬುಟ್ಟಿ ನೆನಪಿದೆ, ಮೂಲೆ ನೆನಪಿಲ್ಲ.

ಅವರು ತಮ್ಮ ಸೇರು ತೆಗೆದು ನಾನು ತಂದ ತೌಡನ್ನು ಡಬ್ಬದೊಳಗೇ ಅಳೆದು ಸುರಿಯತೊಡಗಿದರು. ಒಂದು. ಎರಡು. ಮೂರನೆಯದು ತಲೆ ಮುಟ್ಟಲಿಲ್ಲ. ಚೀಲ ಕೊಡವಿದರು.

"ಒಂದು ಹಿಡಿ ಕಮ್ಮಿ."

"ನಾನೇ ಅಳೆದಿದ್ದೆ ಅಮ್ಮ."

"ನೀನು ಅಳೆದಿರ್ತೀಯ. ನಿಮ್ಮವ್ವ ತೆಗೆದಿರ್ತಾಳೆ." ನಕ್ಕರು, ಕೋಪವಿರಲಿಲ್ಲ. "ಪೂರ್ತಿ ವಾಪಸ್ ಆಗ್ಬಾರ್ದು ಅಂತ. ಜಾಣೆ ಅವಳು, ಯಾವಾಗ್ಲೂ."

ಅವರು ಹೇಳಿದ್ದು ನಿಜವೇ ಆಗಿತ್ತು. ಆಮೇಲೆ ಮನೆಯಲ್ಲಿ ಅಕ್ಕಿಯ ಡ್ರಮ್ಮಿನ ಒಳಗೆ ಕರ್ಚೀಫಿನಲ್ಲಿ ಕಟ್ಟಿದ ಆ ಹಿಡಿ ತೌಡು ಸಿಕ್ಕಿತು. ಮಗು ತನ್ನ ಲೆಕ್ಕಕ್ಕೆ ಪೂರ್ತಿ ಬರಬಾರದೆಂದು ಒಂದು ಹಿಡಿ ಬಾಕಿ ಉಳಿಸಿಕೊಳ್ಳುವವಳು ಹೆತ್ತವಳೇ ಅಲ್ಲವೇ? ಹಾಗೆ ಅಂದುಕೊಂಡು ಸಮಾಧಾನಪಟ್ಟಿದ್ದೇನೆ. ನಾನು ಹುಡುಕುತ್ತೇನೆ ಎಂದು ಗೊತ್ತಿದ್ದೇ ಅವ್ವ ಅಲ್ಲಿಟ್ಟಳೇ ಎಂದೂ ಅಂದುಕೊಂಡಿದ್ದೇನೆ. ಜಾಣೆ ಎಂದು ಎದುರುಮನೆ ಅಮ್ಮ ಹೇಳಿದ್ದು ಯಾವುದಕ್ಕೆ?

ವಕೀಲರ ಆಫೀಸು ಎರಡು ಬೀದಿಯಾಚೆ. ಆಟೋ ಬೇಡವೆಂದು ನನ್ನ ತೋಳು ಹಿಡಿದುಕೊಂಡು ನಡೆದರು. ದಾರಿಯಲ್ಲಿ ಆ ಪುಟದ ಮಾತು ಬಂತು. ಯಜಮಾನರು ಎಷ್ಟು ನೇರ ಮನುಷ್ಯರು ಎಂದು ಹೊಗಳುವುದಕ್ಕೇ ನಾನು ಹೇಳಿದ್ದು: ಹೆಸರು ಬದಲಾಯಿಸಿದರೂ ಎಷ್ಟನೆಯ ಹೆರಿಗೆ ಎನ್ನುವ ಕಡೆ ಅವ್ವನದ್ದೇ ಲೆಕ್ಕ ಬರೆಸಿಬಿಟ್ಟಿದ್ದಾರೆ, ಮೂರು ಅಂತ.

ಅವರು ನಿಂತರು. ಮೊಣಕಾಲು ನೋವಿಗೆ ನಿಂತದ್ದಿರಬಹುದು. ಆಗಾಗ ನಿಲ್ಲುತ್ತಲೇ ಇದ್ದರು.

"ನನಗೂ ಎರಡು ಹೋಗಿದ್ವಲ್ಲ," ಎಂದರು.

"ನಿಮಗೆ ಮಕ್ಕಳೇ ಆಗ್ಲಿಲ್ಲ ಅಂತ..."

"ಯಾರಂದ್ರು? ವಠಾರಕ್ಕೆ ಬರೋಕೆ ಮುಂಚೆ ಒಂದು. ಬಂದ್ಮೇಲೆ ಒಂದು. ಹೊಟ್ಟೇಲೇ ಅಲ್ಲ, ಹುಟ್ಟಿ ಹೋಗಿದ್ದು." ಮತ್ತೆ ನಡೆಯತೊಡಗಿದರು. "ಅದಕ್ಕೇ ನಿಮ್ಮವ್ವನಿಗೂ ನನಗೂ ಅಷ್ಟು. ಇಬ್ಬರದ್ದೂ ಒಂದೇ ಕಥೆ ಅಂತ ಕೂತ್ಕೊಂಡು ಅಳ್ತಿದ್ವಿ."

ಹಾಗಾದರೆ ಮೂರನೆಯದು? ಕೇಳಬೇಕಾದ ಪ್ರಶ್ನೆ ಅದೊಂದೇ ಇತ್ತು. ವಕೀಲರ ಮೆಟ್ಟಿಲು ಬಂದಿತ್ತು. ಅವರು ಕಂಬಿ ಹಿಡಿದು ಹತ್ತುತ್ತಿದ್ದರು, ನಾನು ಹಿಂದಿನಿಂದ ಬೆನ್ನಿಗೆ ಕೈಕೊಟ್ಟಿದ್ದೆ. ಹನ್ನೆರಡು ಮೆಟ್ಟಿಲು. ಪ್ರತಿ ಮೆಟ್ಟಿಲಿನಲ್ಲೂ ಕೇಳಬಹುದಿತ್ತು. ಕೇಳಿದರೆ ಅವರು ಸಹಿ ಹಾಕದೆ ಇಳಿದುಬಿಟ್ಟಾರು ಎನ್ನುವ ಹೆದರಿಕೆ ಇತ್ತು; ಅದನ್ನು ಒಪ್ಪಿಕೊಳ್ಳುತ್ತೇನೆ. ಮನೆಯಲ್ಲಿ ಅಕ್ಕಿ ಡ್ರಮ್ಮಿಗೆ ಕೈ ಹಾಕಿದ ಅವ್ವನೂ ನನ್ನ ಕಣ್ಣ ಮುಂದಿದ್ದಳು ಎಂದು ಹೇಳಿದರೆ ಚೆನ್ನಾಗಿರುತ್ತಿತ್ತು. ಆದರೆ ಆ ಹೊತ್ತಿಗೆ ನನಗೆ ಇನ್ನೂ ಆ ಗಂಟು ಸಿಕ್ಕಿರಲಿಲ್ಲ.

ಟೈಪಿಸ್ಟು ನಿಧಾನವಾಗಿ ಕನ್ನಡದಲ್ಲಿ ಓದಿ ಹೇಳಿದರು. "ಸದರಿ ಮಗುವನ್ನು ನಾನು ಹೆತ್ತಿರುವುದಿಲ್ಲ." ಎದುರುಮನೆ ಅಮ್ಮ ತಲೆಯಾಡಿಸಿದರು. "ನನ್ನ ಹೆಸರು ಕಣ್ತಪ್ಪಿನಿಂದ ನಮೂದಾಗಿರುತ್ತದೆ." ಅದಕ್ಕೂ ತಲೆಯಾಡಿಸಿದರು. ಪೆನ್ನು ತೆಗೆದುಕೊಂಡರು. ಸಹಿ ಹಾಕಿದರು. ಗಂಡನಂತೆಯೇ ಚೆನ್ನಾಗಿ, ಒಂದೊಂದೇ ಅಕ್ಷರ ಬಿಡಿಸಿ. ಇದರ ನಡುವೆಯೋ ಕೊನೆಯಲ್ಲೋ ಆ ಮಾತು.

"ಇದು ಸುಳ್ಳಾದ್ರೆ ಏನಾಗುತ್ತೆ?"

"ಯಾವುದಜ್ಜಿ, ಕಣ್ತಪ್ಪಾ?" ಎಂದರು ಟೈಪಿಸ್ಟು. "ಏನೂ ಆಗಲ್ಲ ಬಿಡಿ, ನಲವತ್ತು ವರ್ಷದ ಮಾತು."

"ಏನೂ ಆಗಲ್ವಾ?"

"ಏನೂ ಇಲ್ಲ."

"ಹಂಗಾದ್ರೆ ಸರಿ," ಎಂದು ನನ್ನ ಕಡೆ ತಿರುಗಿದರು. "ಚಳಿ ಜಾಸ್ತಿಯಂತಲ್ಲ ಅಲ್ಲಿ. ಕಿವಿ ಮುಚ್ಕೋ."

ಕಡ್ಡಿಗಳ ಪೊಟ್ಟಣ ಬ್ಯಾಗಿನಲ್ಲೇ ಇತ್ತು. ತೆಗೆಯಲಿಲ್ಲ. ವಯಸ್ಸಾದವರ ಬಾಯಿಗೆ ಕಡ್ಡಿ ಹಾಕುವುದು ಹೇಗೆ ಎಂದುಕೊಂಡೆ. ದಿನಕ್ಕೆ ನಲವತ್ತು ಮುದುಕಿಯರ ತೋಳಿಗೆ ಸೂಜಿ ಚುಚ್ಚುವವಳು ನಾನು.

ಮೂರು ತಿಂಗಳಲ್ಲಿ ಆದೇಶ ಬಂತು, ಅದರ ಹಿಂದೆ ಹೊಸ ಪ್ರಮಾಣಪತ್ರ. ತಾಯಿಯ ಜಾಗದಲ್ಲಿ ಅವ್ವನ ಹೆಸರು. ಅದನ್ನು ಅವ್ವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದಳು, ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. "ಈಗ ಅವಳದ್ದು ಎಲ್ಲೂ ಇಲ್ವಾ?" ಎಂದು ಕೇಳಿದಳು. ಹಳೆಯ ಪುಸ್ತಕದಲ್ಲಿ ಇರುತ್ತದೆ, ಪಕ್ಕದಲ್ಲಿ ತಿದ್ದುಪಡಿ ಬರೆದಿರುತ್ತಾರೆ ಎಂದೆ. "ಇರ್ಲಿ, ಇರ್ಲಿ," ಎಂದಳು ಬೇಗ. ಅವಳ ಧ್ವನಿಯಲ್ಲಿದ್ದದ್ದು ಏನು ಎಂದು ಬರೆಯಲು ಮೂರು ಸಲ ಪ್ರಯತ್ನಿಸಿ ಹೊಡೆದುಹಾಕಿದ್ದೇನೆ.

ಫೈಲು ಈಗ ಪೂರ್ತಿಯಾಗಿದೆ. ಅದರೊಳಗಿನ ಎಲ್ಲ ಕಾಗದಗಳೂ ಒಂದಕ್ಕೊಂದು ಹೊಂದುತ್ತವೆ. ಮುಂದಿನ ವಾರ ಹೊರಡುತ್ತೇನೆ. ಕಳೆದ ಸೋಮವಾರ ಆ ಟೈಪಿಸ್ಟಿಗೆ ಫೋನು ಮಾಡಿ, ಅಜ್ಜಿ ಆ ಮಾತು ಕೇಳಿದ್ದು ಸಹಿಗೆ ಮೊದಲೋ ಆಮೇಲೋ ಎಂದು ವಿಚಾರಿಸಿದೆ. ಯಾವ ಅಜ್ಜಿ ಎಂದು ಕೇಳಿದರು. ಹೇಳಿದೆ. ಅವರಿಗೆ ನೆನಪಿರಲಿಲ್ಲ.

ನಾನು ಅವ್ವನಿಗೆ ಹುಟ್ಟಿದವಳು ಇರಬಹುದು. ಕಾಗದ ಹಾಗೆಂದು ಹೇಳುತ್ತದೆ, ಇಬ್ಬರು ಹೆಂಗಸರೂ ಹಾಗೆಂದು ಹೇಳಿದ್ದಾರೆ. ತೌಡು ಯಾರು ಯಾರಿಗೆ ಕೊಟ್ಟರು ಎಂದು ನನಗೆ ಗೊತ್ತಿಲ್ಲ. ಎದುರುಮನೆ ಅಮ್ಮನ ಮೂರನೆಯ ಹೆರಿಗೆ ಆಯಿತೇ ಇಲ್ಲವೇ ಎಂದೂ ಗೊತ್ತಿಲ್ಲ. ಕೇಳಲು ಇನ್ನೂ ಆರು ದಿನ ಇವೆ. ಕೇಳುತ್ತೇನೋ ಇಲ್ಲವೋ, ಅದೂ ಗೊತ್ತಿಲ್ಲ.